ಬಾಯಿಪಾಠದ ಕ್ಯಾಪ್ಟನ್

ಕೊಯಮತ್ತೂರಿನಲ್ಲಿ ನಮ್ಮ ವಿಮಾನ ನಿಲ್ಲುವುದು ಹೆಚ್ಚೆಂದರೆ ಅರ್ಧ ಗಂಟೆ. ಅಷ್ಟರಲ್ಲಿ ಬಂದವರು ಇಳಿಯಬೇಕು, ಹೋಗುವವರು ಹತ್ತಬೇಕು, ಕಸ ಗುಡಿಸಬೇಕು, ಇಂಧನ ತುಂಬಬೇಕು. ನಾನು ಸೀಟು ಬಿಟ್ಟು ಏಳುವ ಪ್ರಸಂಗವೇ ಬರುವುದಿಲ್ಲ. ಕಳೆದ ತಿಂಗಳು ಯಾಕೋ ಎದ್ದು ಬಾಗಿಲ ಬಳಿ ಹೋಗಿ ನಿಂತೆ. ಒಣ ಮಣ್ಣಿನ ವಾಸನೆ ಹೊತ್ತ ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಮೆಟ್ಟಿಲ ಕೆಳಗಿದ್ದ ನೌಕರರೊಬ್ಬರು ಟೋಪಿ ಒತ್ತಿ ಹಿಡಿದುಕೊಂಡು, "ಆಡಿ ಕಾತ್ತು ಮೇಡಂ" ಎಂದು ನಕ್ಕರು. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎನ್ನುವುದು ಆ ಸೀಮೆಯ ಗಾದೆ. ನಾನು ನಗಲಿಲ್ಲ. ಒಳಗೆ ಬಂದು ಕೂತೆ, ಬೆಲ್ಟು ಹಾಕಿಕೊಂಡೆ, ಆದರೆ ಬೆಂಗಳೂರು ಮುಟ್ಟುವವರೆಗೂ ಮನಸ್ಸು ನಿಂತಲ್ಲಿ ನಿಲ್ಲಲಿಲ್ಲ.

ಅದೇ ಊರಿನಲ್ಲಿ ಒಂದು ಆಡಿಯಿಂದ ದೀಪಾವಳಿಯ ಮಳೆಯವರೆಗೆ ನಾನು ಕೆಲಸ ಮಾಡಿದ್ದೆ. ಆಗ ನನಗೆ ಇಪ್ಪತ್ತೇಳು. ದಾವಣಗೆರೆಯವಳು. ಪೈಲಟ್ ಲೈಸೆನ್ಸ್ ಕೈಯಲ್ಲಿದ್ದರೂ ದೊಡ್ಡ ಕಂಪನಿಗಳು ಕರೆಯದೆ, ಎಂಟು ಸೀಟಿನ ವಿಮಾನಗಳನ್ನು ಬಾಡಿಗೆಗೆ ಹಾರಿಸುತ್ತಿದ್ದ ಒಂದು ಪುಟ್ಟ ಕಂಪನಿಯಲ್ಲಿ ಸಹಪೈಲಟ್ ಆಗಿ ಸೇರಿದ್ದೆ. ತಿರುಪ್ಪೂರಿನ ಬನಿಯನ್ ಕಂಪನಿಯವರು, ಪಂಪುಸೆಟ್ಟು ಮಾಡುವವರು, ಮಿಲ್ಲಿನ ಯಜಮಾನರು ನಮ್ಮ ಗಿರಾಕಿಗಳು. ಬೆಳಿಗ್ಗೆ ಚೆನ್ನೈಗೋ ಹೈದರಾಬಾದಿಗೋ ಒಯ್ದು ಸಂಜೆ ವಾಪಸ್ ತಂದುಬಿಟ್ಟರೆ ನಮ್ಮ ಕೆಲಸ ಮುಗಿಯಿತು. ನನಗೆ ಆ ಊರು ಬಸ್ ಸ್ಟ್ಯಾಂಡಿನ ಬೆಂಚು. ಕೂತಿದ್ದೇನೆ ಅಷ್ಟೆ, ನನ್ನ ಬಸ್ಸು ಬಂದರೆ ಎದ್ದು ಹೋಗುತ್ತೇನೆ. ನಮ್ಮಮ್ಮ ನನ್ನನ್ನು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎನ್ನುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನನ್ನ ಕ್ಯಾಪ್ಟನ್ ಹೆಸರು ನಂಜಪ್ಪನ್. ಅರವತ್ತು ದಾಟಿದವರು, ನೆಟ್ಟಗೆ ಬಿದಿರಿನ ಗಳುವಿನ ಹಾಗಿದ್ದರು. ಕೊಯಮತ್ತೂರಿನ ಹತ್ತಿರದ ಅನ್ನೂರಿನ ಒಕ್ಕಲು ಮನೆತನ. ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಇಳಿದು ಬಂದು ಅಲ್ಲಿ ಜೋಳ, ಹತ್ತಿ ಬೆಳೆದವರು. ಹೊರಗೆಲ್ಲ ತಮಿಳು, ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಕಂಪನಿಯಲ್ಲಿ ಕನ್ನಡದ ಹುಡುಗಿ ಸೇರಿದ್ದಾಳೆ ಎಂದು ಗೊತ್ತಾದ ದಿನವೇ, "ಹಾಸ್ಟೆಲ್ ಗೀಸ್ಟೆಲ್ ಬೇಡ ಅಮ್ಮಣಿ, ನಮ್ ಮನೆ ಮಾಡೀಲಿ ಒಂದು ರೂಮು ಸುಮ್ನೆ ಬಿದ್ದದೆ" ಎಂದು ಮಹಡಿಯ ರೂಮು ತೋರಿಸಲು ಕರೆದುಕೊಂಡು ಹೋದರು. ಆ ಕಡೆ ಹೆಣ್ಣುಮಕ್ಕಳನ್ನು ಅಮ್ಮಣಿ ಎಂದೇ ಕರೆಯುವುದು. ಸಹಪೈಲಟ್ಟನ್ನು ಅಮ್ಮಣಿ ಎಂದು ಕರೆಯುವ ಕ್ಯಾಪ್ಟನ್ ಇಡೀ ದೇಶದಲ್ಲಿ ಅವರೊಬ್ಬರೇ ಇದ್ದಿರಬೇಕು.

ಅವರ ಹೆಂಡತಿ ದೇವಕಿ. ನಾನು ಅತ್ತೆ ಎನ್ನುತ್ತಿದ್ದೆ. ನಾಡಿದ್ದು ಸಾಮಾನು ತರುತ್ತೇನೆ ಎಂದು ನಾನು ಹೇಳಿದಾಗ ಅತ್ತೆ ಗಾಬರಿಯಾದರು.

"ನಾಳೆ ಆಡಿ ಹುಟ್ಟುತ್ತೆ. ಆಡೀಲಿ ಯಾರಾದ್ರೂ ಹೊಸ ಮನೆಗೆ ಕಾಲಿಡ್ತಾರಾ?"

"ನಮ್ಮ ಕಡೆ ಆಷಾಢ ಶುರುವಾಗಿ ಎಷ್ಟೋ ದಿನ ಆಯ್ತು ಅತ್ತೆ. ನಿಮ್ಮ ಆಡಿ ಮುಗಿಯೋ ಮೊದಲೇ ನಮಗೆ ಶ್ರಾವಣ ಬಂದುಬಿಡತ್ತೆ."

"ಅದು ಮೈಸೂರು ಲೆಕ್ಕ. ಇಲ್ಲಿ ನಡಿಯೋದು ಆಡಿ ಲೆಕ್ಕ. ಇವತ್ತೇ ಒಂದು ಚೊಂಬು, ಕೊಂಜ ಉಪ್ಪು ತಂದು ರೂಮಲ್ಲಿ ಇಡು. ಆಗ ನೀ ಇವತ್ತೇ ಬಂದ ಹಾಗೆ. ಅಪ್ಪುರ ಯಾವಾಗ ಬೇಕಾದ್ರೂ ಬಾ."

ಹಾಗೆ ನಾನು ಒಂದು ಚೊಂಬು, ಒಂದು ಪೊಟ್ಟಣ ಉಪ್ಪಿನ ರೂಪದಲ್ಲಿ ಗೃಹಪ್ರವೇಶ ಮಾಡಿದೆ. ಅತ್ತೆಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ದಾವಣಗೆರೆಯಿಂದ ತರುತ್ತಿದ್ದ ವಾರಪತ್ರಿಕೆಗಳನ್ನು ಸಂಜೆ ನನ್ನಿಂದ ಓದಿಸಿಕೊಂಡು, ನುಗ್ಗೆಸೊಪ್ಪು ಬಿಡಿಸುತ್ತ ಕೇಳುತ್ತಿದ್ದರು. ನಡುನಡುವೆ, "ನೀ ಓದೋದು ಬೇರೆ ಕನ್ನಡ, ನಮ್ದು ಬೇರೆ" ಎಂದು ತಕರಾರು ತೆಗೆಯುತ್ತಿದ್ದರು. ಕ್ಯಾಪ್ಟನ್ ಅಂಗಳದಲ್ಲಿ ಬರಿ ಮೈಯಲ್ಲಿ ಕೂತು ಗಾಳಿ ನೋಡುತ್ತಿದ್ದರು. ಗಾಳಿಯನ್ನು ನೋಡುವುದು ಎಂದರೆ ನಗಬೇಡಿ, ತೆಂಗಿನ ಗರಿ ಯಾವ ಕಡೆ ಬಾಗಿದೆ, ಬಟ್ಟೆ ಒಣಹಾಕುವ ಹಗ್ಗ ಹೇಗೆ ಜೀಕುತ್ತಿದೆ ಎಂದು ನೋಡಿ ಮಾರನೆಯ ದಿನ ಯಾವ ರನ್‌ವೇ ಸಿಗುತ್ತದೆ ಎಂದು ಹೇಳಿಬಿಡುತ್ತಿದ್ದರು.

ಮೋಡದೊಳಗಿಂದ, ಹೊರಗೆ ಏನೂ ಕಾಣದೆ, ಮುಂದಿರುವ ಉಪಕರಣಗಳನ್ನಷ್ಟೇ ನಂಬಿ ಇಳಿಯುವುದಕ್ಕೆ ಪ್ರತಿ ರನ್‌ವೇಗೂ ಒಂದೊಂದು ನಕ್ಷೆ ಇರುತ್ತದೆ. ಯಾವ ದಿಕ್ಕಿನಿಂದ ಬರಬೇಕು, ಎಲ್ಲಿ ಎಷ್ಟು ಎತ್ತರದಲ್ಲಿರಬೇಕು, ರೇಡಿಯೋ ಯಾವ ನಂಬರಿಗೆ ತಿರುಗಿಸಬೇಕು, ಎಲ್ಲ ಅದರಲ್ಲಿರುತ್ತದೆ. ಎಲ್ಲಕ್ಕಿಂತ ಮುಖ್ಯ ಕಡೆಯ ಅಂಕಿ: ನೆಲ ಕಾಣದೆ ಎಷ್ಟರವರೆಗೆ ಇಳಿಯಬಹುದು ಎನ್ನುವುದು. ಅಲ್ಲಿಗೆ ಬಂದಾಗಲೂ ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಹೊರಟ ಊರಿನದು, ಸೇರುವ ಊರಿನದು, ಅಲ್ಲಿ ಇಳಿಯಲಾಗದಿದ್ದರೆ ಹೋಗಬೇಕಾದ ಮೂರನೆಯ ಊರಿನದು, ಇಷ್ಟೂ ನಕ್ಷೆಗಳು ವಿಮಾನದಲ್ಲಿರಬೇಕು, ಅವು ಚಾಲ್ತಿಯಲ್ಲಿರುವವೇ ಆಗಿರಬೇಕು ಎಂದು ನಿಯಮ. ನಾಲ್ಕು ವಾರಕ್ಕೊಮ್ಮೆ ಒಂದು ಗುರುವಾರ ಹೊಸವು ಜಾರಿಗೆ ಬರುತ್ತವೆ. ಅದಕ್ಕೆ ಆಡಿಯೂ ಇಲ್ಲ, ಆಷಾಢವೂ ಇಲ್ಲ.

ಈಗ ಎಲ್ಲವೂ ಟ್ಯಾಬ್ಲೆಟ್ಟಿನಲ್ಲಿ ಬರುತ್ತದೆ. ಆಗ ನಮ್ಮ ಕಂಪನಿಗೆ ಮಾತ್ರ ಬರೀ ಟ್ಯಾಬ್ಲೆಟ್ ನಂಬಿ ಹಾರಲು ಇನ್ನೂ ಅನುಮತಿ ಸಿಕ್ಕಿರಲಿಲ್ಲ. ಹಾಗಾಗಿ ಕಾಗದದ ದಪ್ಪ ಫೈಲೂ ಜೊತೆಗಿರಬೇಕಿತ್ತು. ಹಳೆಯ ಹಾಳೆ ತೆಗೆದು ಹೊಸದನ್ನು ಸೇರಿಸುವ ಕೆಲಸ ಕಿರಿಯಳಾದ ನನ್ನ ತಲೆಗೆ ಬಂದಿತ್ತು. ಒಂದು ಹಾಳೆ ಅದಲುಬದಲಾದರೂ ತಪಾಸಣೆಗೆ ಬಂದವರು ವಿಮಾನವನ್ನು ಕದಲಲು ಬಿಡುತ್ತಿರಲಿಲ್ಲ. ಹಳೆಯವನ್ನು ನಾನು ಅಲ್ಲೇ ನಾಲ್ಕು ಚೂರು ಹರಿದು ಬುಟ್ಟಿಗೆ ಹಾಕುತ್ತಿದ್ದೆ. ಹರಿಯುವುದೊಂದು ಸುಖ. ಆ ಗಾಳಿಯಲ್ಲಿ ಕೂತು ಮಾಡುವ ಕೆಲಸಗಳಲ್ಲಿ ಅದೊಂದು ಮಾತ್ರ ನನಗೆ ಹಿಡಿಸಿತ್ತು.

ಇಳಿಯುವ ಮೊದಲು ಒಬ್ಬರು ನಕ್ಷೆಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ತಾಳೆ ನೋಡಬೇಕು. ಇದು ಎಲ್ಲ ಕಡೆ ಇರುವ ಪದ್ಧತಿ. ಕ್ಯಾಪ್ಟನ್ ನಂಜಪ್ಪನ್ ಹತ್ತಿರ ಮಾತ್ರ ಅದು ಉಲ್ಟಾ ಆಗಿತ್ತು. ನಾನು ನಕ್ಷೆ ತೆಗೆಯುವಷ್ಟರಲ್ಲಿ ಅವರು ಮುಂದಕ್ಕೆ ನೋಡುತ್ತಲೇ ಮಗ್ಗಿ ಒಪ್ಪಿಸಿದ ಹಾಗೆ ಪೂರ್ತಿ ಹೇಳಿ ಮುಗಿಸುತ್ತಿದ್ದರು. ಕೊಯಮತ್ತೂರು, ಚೆನ್ನೈ, ಮಧುರೈ, ತಿರುಚ್ಚಿ, ಬೆಂಗಳೂರು, ಎಲ್ಲ ಬಾಯಿಪಾಠ. "ಪುಸ್ತಕ ಮಡಿಚಿ ಇಡು ಅಮ್ಮಣಿ. ನಾ ತಪ್ಪಿದ್ರೆ ಕಿವಿ ಹಿಂಡು" ಎಂದು ನಗುತ್ತಿದ್ದರು. ಕಂಪನಿಯ ಬೇರೆ ಸಹಪೈಲಟ್‌ಗಳಿಗೆ ಇದೊಂದು ಪವಾಡ. ದೊಡ್ಡವರು ಹೇಳುವಾಗ ನಡುವೆ ಬಾಯಿ ಹಾಕುವುದೆಂತು ಎಂದು ಅವರು ತಾಳೆ ನೋಡುವುದನ್ನೇ ಬಿಟ್ಟಿದ್ದರು. ಒಪ್ಪಿಸಿದ್ದು ಮುಗಿದ ಮೇಲೆ "ಸರಿ ಸರ್" ಎಂದರೆ ಆಯಿತು.

ನಾನು ಬಿಡಲಿಲ್ಲ. ಅದು ನನ್ನ ಶ್ರದ್ಧೆ ಅಂದುಕೊಳ್ಳಬೇಡಿ. ಸುಮ್ಮನೆ ಕೂರಲು ಆಗದವಳು ನಾನು, ಬೆರಳಿಗಾದರೂ ಕೆಲಸ ಬೇಕಿತ್ತು. ಅವರು ಒಪ್ಪಿಸುತ್ತಿದ್ದಂತೆ ನನ್ನ ಬೆರಳು ನಕ್ಷೆಯ ಮೇಲೆ ಓಡುತ್ತಿತ್ತು. ಆಡಿ ಪೂರ್ತಿ ಒಂದು ತಪ್ಪೂ ಸಿಗಲಿಲ್ಲ. ಪಶ್ಚಿಮದ ಗಾಳಿಗೆ ಎದುರಾಗಿ ನಾವು ದಿನವೂ ಅನ್ನೂರಿನ ಕಡೆಯಿಂದ ಇಳಿಯುತ್ತಿದ್ದೆವು. ಆಕಾಶ ತಿಳಿಯಾಗಿದ್ದರೆ, "ಅದೋ ನಮ್ ಬಾವಿ, ಅದರ ಪಕ್ಕ ನಿನ್ ರೂಮು" ಎಂದು ಗಲ್ಲದಿಂದಲೇ ತೋರಿಸುತ್ತಿದ್ದರು.

ಆಡಿಯ ಮುಂದಿನ ತಿಂಗಳು ಆವಣಿಯಲ್ಲಿ ಮಧುರೈಗೆ ಹೋಗುವಾಗ ಮೊದಲ ಸಲ ಬೆರಳು ನಿಂತಿತು. ರೇಡಿಯೋ ನಂಬರು ಹಿಂದಿನ ಗುರುವಾರ ಬದಲಾಗಿತ್ತು. ಅವರು ಹಳೆಯದನ್ನು ಹೇಳಿದರು. ನಾನು ಹೊಸದನ್ನು ಓದಿದೆ. "ಆಮಾ ಆಮಾ, ಮಾತ್ಬಿಟ್ಟವ್ರೆ ಅಲ್ವಾ" ಎಂದು ನಕ್ಕು, ಬದಲಾದದ್ದನ್ನು ಒಪ್ಪಿ ಹೊಸ ನಂಬರಿಗೆ ತಿರುಗಿಸಿಕೊಂಡರು. ಯಾರಿಗಾದರೂ ಆಗುವುದೇ. ಎರಡು ದಿನ ಬಿಟ್ಟು ಅಲ್ಲಿಗೇ ಹೋದಾಗ ಮತ್ತೆ ಹಳೆಯದು. ಮತ್ತೆ ಓದಿದೆ. ಅದೇ ನಗು, ಅದೇ "ಆಮಾ ಆಮಾ". ಹಿಂದೊಮ್ಮೆ ಇದೇ ಮಾತಾಗಿತ್ತು ಎಂಬ ಗುರುತೇ ಆ ಮುಖದಲ್ಲಿ ಇರಲಿಲ್ಲ. ಮೂರನೆಯ ಸಲವೂ ಹಾಗೇ ಆಯಿತು. ಮೂವತ್ತು ವರ್ಷದ ಹಿಂದೆ ಕಲಿತದ್ದು ಕಲ್ಲಿನಲ್ಲಿ ಕೊರೆದ ಹಾಗಿತ್ತು. ಮೊನ್ನೆ ಹೇಳಿದ್ದು ಮಾತ್ರ ನಿಲ್ಲುತ್ತಿರಲಿಲ್ಲ. ನಕ್ಷೆ ವಿಮಾನದಲ್ಲಿರಬೇಕು ಎಂದು ನಿಯಮವಿದೆ. ತಲೆಯೊಳಗಿನ ನಕ್ಷೆ ಯಾವ ವರ್ಷದ್ದು ಎಂದು ಯಾವ ತಪಾಸಣೆಯವರೂ ಕೇಳುವುದಿಲ್ಲ.

ಅದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ಅವರು ಶುರುಮಾಡುವ ಮೊದಲೇ ಬದಲಾದ ಅಂಕಿಯನ್ನು, ನನ್ನಷ್ಟಕ್ಕೆ ನಾನೇ ಹೇಳಿಕೊಳ್ಳುವವಳಂತೆ, ಗಟ್ಟಿಯಾಗಿ ಓದಿಬಿಡುತ್ತಿದ್ದೆ. ಅದು ಅವರ ಕಿವಿಗೆ ಬೀಳುತ್ತಿತ್ತು, ಒಪ್ಪಿಸುವಾಗ ಸರಿಯಾಗಿಯೇ ಬರುತ್ತಿತ್ತು. ಅವರಿಗೆ ಮರ್ಯಾದೆ, ನನಗೆ ನೆಮ್ಮದಿ. ಕೈ ಮಾತ್ರ ಅವರದು ಮೊದಲಿನಂತೆಯೇ ಇತ್ತು. ಎಂಥ ಅಡ್ಡಗಾಳಿಯಲ್ಲೂ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ವಿಮಾನ ಇಳಿಸುತ್ತಿದ್ದರು. ಅದನ್ನು ನೋಡಿದಾಗ ನನ್ನ ಅನುಮಾನಕ್ಕೇ ನಾಚಿಕೆಯಾಗುತ್ತಿತ್ತು. ಅಲ್ಲದೆ ದೊಡ್ಡ ಕಂಪನಿಯ ಸಂದರ್ಶನಕ್ಕೆ ಅವರದೊಂದು ಒಳ್ಳೆಯ ಮಾತು ನನಗೆ ಬೇಕಿತ್ತು. ಸುಳ್ಳೇಕೆ ಹೇಳಲಿ.

ಆ ತಿಂಗಳ ಕೊನೆಗೆ ತಿರುಪ್ಪೂರಿನಲ್ಲಿ ಅವರ ತಂಗಿಯ ಮೊಮ್ಮಗನಿಗೆ ಕಿವಿ ಚುಚ್ಚುವ ಶಾಸ್ತ್ರ. ದೊಡ್ಡ ಮಂಟಪ, ಎಲ್ಲಿ ನೋಡಿದರೂ ಬನಿಯನ್ ವ್ಯಾಪಾರದ ನೆಂಟರು. ನನ್ನನ್ನೂ ಎಳೆದುಕೊಂಡು ಹೋದರು. ಅತ್ತೆ ನೆಗಮಂ ಸೀರೆ ಉಟ್ಟು ಕ್ಯಾಪ್ಟನ್ ಹೆಗಲಿಗೆ ಅಂಟಿದಂತೆ ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸುತ್ತಿದ್ದರು. ಯಾರು ಬಂದರೂ ಅತ್ತೆಯದೇ ಮೊದಲ ಮಾತು. "ಬಾ ಚಿನ್ನಪ್ಪಾ, ಪಲ್ಲಡದಿಂದ ಬಸ್ಸಲ್ಲೇ ಬಂದೆಯಾ?" "ಓಹೋ, ಪೋತ್ತನೂರು ರೈಲ್ವೆ ಮಾವ, ಮಗಳು ಬರ್ನಿಲ್ವಾ?" ಕ್ಯಾಪ್ಟನ್ ಅದರ ಹಿಂದೆಯೇ, "ಬಾ ಚಿನ್ನಪ್ಪಾ", "ಬನ್ನಿ ಮಾವ" ಎಂದು ಕೈ ಹಿಡಿಯುತ್ತಿದ್ದರು. ಅತ್ತೆ ಇವತ್ತು ಬಹಳ ಮಾತಾಡುತ್ತಿದ್ದಾರಲ್ಲ ಎಂದುಕೊಂಡು ನಾನು ನಗುತ್ತ ಪನ್ನೀರಿನ ಚೊಂಬು ಹಿಡಿದು ನಿಂತಿದ್ದೆ.

ಯಾರೋ ಕರೆದರೆಂದು ಅತ್ತೆ ಒಳಗೆ ಹೋದರು. ಆಗ ಶಾಸ್ತ್ರದ ಮನೆಯ ಯಜಮಾನಿ, ಕ್ಯಾಪ್ಟನ್ ಸ್ವಂತ ತಂಗಿ, ಅಡುಗೆಯವರ ಹತ್ತಿರ ಮಾತಾಡಿ ಮುಗಿಸಿ ಹೊರಬಾಗಿಲಿನಿಂದ ಬೆವರೊರೆಸಿಕೊಳ್ಳುತ್ತ ಬಂದು ಅಣ್ಣನ ಎದುರು ನಿಂತರು. ಕ್ಯಾಪ್ಟನ್ ಎರಡೂ ಕೈ ಜೋಡಿಸಿದರು.

"ವಾಂಗ ವಾಂಗ. ಸಾಪ್ಟುಟ್ಟು ಪೋಂಗ."

ಬನ್ನಿ, ಊಟ ಮಾಡಿಕೊಂಡು ಹೋಗಿ ಎಂದು. ತಮಿಳಿನಲ್ಲಿ. ಆ ಮನೆತನದಲ್ಲಿ ರಕ್ತಸಂಬಂಧಿಗಳು ಒಬ್ಬರಿಗೊಬ್ಬರು ತಮಿಳಾಡುವುದೇ ಇಲ್ಲ. ಅದು ಅಂಗಡಿಯವರಿಗೆ, ಆಫೀಸಿಗೆ, ಪರಿಚಯವಿಲ್ಲದವರಿಗೆ. ಹುಟ್ಟಿದಂದಿನಿಂದ ಕನ್ನಡದಲ್ಲೇ ಜಗಳವಾಡಿದ ತಂಗಿಗೆ ಅಣ್ಣ ಕೈಮುಗಿದು ತಮಿಳಿನಲ್ಲಿ ಉಪಚಾರ ಹೇಳಿದ್ದರು. ಆಕೆ, "ಏನಣ್ಣ, ಹೊಸ ತಮಾಷೆ?" ಎಂದು ನಕ್ಕು ಒಳಗೆ ಹೋದರು. ಕ್ಯಾಪ್ಟನ್ ಕೂಡ ನಕ್ಕರು. ಅಷ್ಟರಲ್ಲಿ ಹೊರಗೆ ಬಂದ ಅತ್ತೆಯ ಕಾಲು ಹೊಸಿಲಲ್ಲೇ ನಿಂತಿತ್ತು. ಅವರು ನನ್ನನ್ನು ನೋಡಿದರು. ನಾನು ಪನ್ನೀರಿನ ಚೊಂಬು ನೋಡಿದೆ. ನಾನು ವಿಮಾನದಲ್ಲಿ ಮಾಡುತ್ತಿದ್ದುದನ್ನು ಈಕೆ ನೆಲದ ಮೇಲೆ ಮಾಡುತ್ತಿದ್ದಾರೆ ಎಂದು ಆಗ ತಿಳಿಯಿತು.

ಅದಾದ ಮೇಲೆ ನನಗೆ ಸಮಾಧಾನವೆಂಬುದೇ ಇರಲಿಲ್ಲ. ಮಹಡಿಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದೆ. ಕೆಳಗಿನಿಂದ ಕ್ಯಾಪ್ಟನ್, "ಅಮ್ಮಣಿ, ತಾರಸಿ ಸವೆದು ಹೋಗುತ್ತೆ" ಎಂದು ಕೂಗುತ್ತಿದ್ದರು. ಹೇಳಬೇಕು, ಯಾರಿಗೆ ಹೇಳಬೇಕು? ಕಂಪನಿಯಲ್ಲಿ ಹಾರಾಟದ ವಿಭಾಗದ ಮ್ಯಾನೇಜರ್ ಒಬ್ಬರಿದ್ದರು, ಅವರಿಗೆ. ಏನೆಂದು ಹೇಳಬೇಕು? ರೇಡಿಯೋ ನಂಬರು ಮರೆಯುತ್ತಾರೆ, ಶಾಸ್ತ್ರದ ಮನೆಯಲ್ಲಿ ತಂಗಿಯ ಹತ್ತಿರ ತಮಿಳಾಡಿದರು ಎಂದೇ? ಹೇಳಿದ ಮಾರನೆಯ ದಿನ ಅವರ ಹಾರಾಟ ನಿಲ್ಲುತ್ತದೆ. ಮೇಲೆ ಹೋದಾಗ ಮಾತ್ರ ಆ ಮನುಷ್ಯ ಪೂರ್ತಿ ಅವರಾಗಿರುತ್ತಿದ್ದರು ಎಂಬುದು ಪಕ್ಕದಲ್ಲಿ ಕೂತ ನನಗೆ ಗೊತ್ತಿತ್ತು. ಅದನ್ನು ಕಿತ್ತುಕೊಳ್ಳುವ ಕೈ ನನ್ನದಾಗಬೇಕೇ? ಹೇಳದಿದ್ದರೆ, ಹಿಂದಿನ ಎಂಟು ಸೀಟಿನಲ್ಲಿ ಕೂತವರು? ಕ್ಯಾಪ್ಟನ್ ಮನೆಯ ಅನ್ನ ತಿಂದು, ಅವರ ಮಹಡಿಯಲ್ಲಿ ಮಲಗಿ, ಈ ಲೆಕ್ಕ ಹಾಕುವುದು ನರಕ. ಒಮ್ಮೆ ಮ್ಯಾನೇಜರ್ ಬಾಗಿಲವರೆಗೆ ಹೋಗಿ ರಜೆ ಕೇಳಿ ವಾಪಸ್ ಬಂದೆ. ಬೇಡದ ರಜೆ. ಅದನ್ನೂ ಅವರು ಕೊಡಲಿಲ್ಲ.

ಅಲ್ಲಿಯ ಮಳೆಯ ತಿಂಗಳು ಐಪ್ಪಸಿ ಹುಟ್ಟಿತು. ಗಾಳಿ ಒಂದೆರಡು ವಾರ ಉಸಿರು ಹಿಡಿದು ನಿಂತು, ಆಮೇಲೆ ಈಶಾನ್ಯಕ್ಕೆ ತಿರುಗಿತು. ಐಪ್ಪಸಿ ಅಡೆಮಳೆ, ಬಿಡದೆ ಸುರಿಯುವ ಮಳೆ, ಎಂದು ಅಲ್ಲಿಯವರು ಹೇಳುವುದು ಸುಮ್ಮನಲ್ಲ. ಬೆಟ್ಟ ಕಾಣಿಸದಂತೆ ಮೋಡ ಮನೆಯ ಮೇಲೇ ಕೂತಿರುತ್ತದೆ. ರನ್‌ವೇಯ ದಿಕ್ಕೂ ಬದಲಾಯಿತು. ಈಗ ಪೋತ್ತನೂರಿನ ಕಡೆಯಿಂದ, ಊರ ಮೇಲಿಂದ ಇಳಿಯಬೇಕು. ಆ ಕಡೆಯ ನಕ್ಷೆ ಬೇಸಿಗೆಯ ನಂತರ ಒಮ್ಮೆ ಬದಲಾಗಿತ್ತು. ದಾರಿಯಲ್ಲಿ ಏನೋ ಎತ್ತರದ ಕಟ್ಟಡ ಎದ್ದಿದೆಯೆಂದು ಕಡೆಯ ಅಂಕಿಯನ್ನು ಮೇಲಕ್ಕೆ ಏರಿಸಿದ್ದರು. ಹೆಚ್ಚೇನಲ್ಲ, ಒಂದು ತೆಂಗಿನ ಮರದ ಮೇಲೆ ಇನ್ನೊಂದು ನಿಲ್ಲಿಸಿದಷ್ಟು. ಆ ಹಾಳೆಯನ್ನು ಫೈಲಿಗೆ ಹಾಕಿ ಹಳೆಯದನ್ನು ಹರಿದವಳು ನಾನೇ.

ದೀಪಾವಳಿಗೆ ಎರಡು ದಿನ ಮುಂಚೆ ಚೆನ್ನೈಯಿಂದ ಮಧ್ಯಾಹ್ನ ವಾಪಸ್ ಬರುತ್ತಿದ್ದೆವು. ಹಿಂದೆ ತಿರುಪ್ಪೂರಿನ ಒಬ್ಬ ಯಜಮಾನರು, ಅವರ ಹೆಂಡತಿ, ಮಕ್ಕಳು, ಪಟಾಕಿಯ ಮಾತು. ಸೇಲಂ ದಾಟಿದಲ್ಲಿಂದ ಬಿಳಿಯ ಗೋಡೆ. ವಿಮಾನ ಕ್ಯಾಪ್ಟನ್ ಕೈಯಲ್ಲಿತ್ತು. ನಕ್ಷೆ ನನ್ನ ತೊಡೆಯ ಮೇಲಿತ್ತು. ಬದಲಾದ ಅಂಕಿಯನ್ನು ಎಂದಿನಂತೆ ಮುಂಚೆಯೇ ಓದಲು ನಾನು ಬಾಯಿ ತೆರೆಯುವುದಕ್ಕೂ ನಿಯಂತ್ರಣ ಗೋಪುರದವರು ರೇಡಿಯೋದಲ್ಲಿ ನಮ್ಮನ್ನು ಕರೆಯುವುದಕ್ಕೂ ಸರಿಹೋಯಿತು. ನಾನು ಅವರಿಗೆ ಉತ್ತರ ಕೊಡುತ್ತಿರುವಾಗ ಪಕ್ಕದಲ್ಲಿ ಕ್ಯಾಪ್ಟನ್ ಒಪ್ಪಿಸಲು ಶುರುಮಾಡಿ ಮುಗಿಸಿಯೇಬಿಟ್ಟರು. ಕಡೆಯ ಅಂಕಿ ಹಳೆಯದು.

"ಸರ್, ಅದು ಬದಲಾಗಿದೆ" ಎಂದು ಹೊಸದನ್ನು ಓದಿದೆ.

"ಆಮಾ ಆಮಾ" ಎಂದರು.

ಇಳಿದೆವು. ಮೋಡ ಮುಗಿಯಲಿಲ್ಲ. ಹೊಸ ಅಂಕಿ ಬಂತು. "ಮಿನಿಮಮ್" ಎಂದು ಕೂಗಿದೆ. ಆ ಮಾತು ಬಿದ್ದ ಕ್ಷಣ ಮೇಲೇರಬೇಕು. ಅವರ ಕೈ ಕದಲಲಿಲ್ಲ.

"ಇನ್ನೂ ಇದೆ ಅಮ್ಮಣಿ" ಎಂದರು. ಅವಸರವಿಲ್ಲದ ದನಿ. ಅವಳಿಗೆ ಗೊತ್ತಿಲ್ಲ ಪಾಪ, ಎನ್ನುವ ಹಾಗೆ.

"ಮಿನಿಮಮ್ ಸರ್. ಏನೂ ಕಾಣ್ತಿಲ್ಲ."

ವಿಮಾನ ಇಳಿಯುತ್ತಲೇ ಇತ್ತು. ನಾನು ಕೈಹಾಕಿದೆ. "ನನ್ನ ಕಂಟ್ರೋಲ್" ಎಂದದ್ದು ನನ್ನ ದನಿಯಂತೆ ನನಗೇ ಕೇಳಿಸಲಿಲ್ಲ. ಎಂಜಿನ್ ಪೂರ್ತಿ ಕೊಟ್ಟು ಮೂತಿ ಎತ್ತಿದೆ. ಕ್ಯಾಪ್ಟನ್ ಜಗಳವಾಡಲಿಲ್ಲ. ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹಿಂದೆ ಮಕ್ಕಳು ಹೋ ಎಂದವು. ಸುತ್ತು ಹಾಕಿ ಬಂದು ಎರಡನೆಯ ಸಲ ನಾನೇ ಇಳಿಸಿದೆ. ಅಷ್ಟರಲ್ಲಿ ಮೋಡ ಹರಿದು ಪೋತ್ತನೂರಿನ ರೈಲು ಹಳಿಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಮೊದಲ ಸಲವೂ ಏನೂ ಆಗುತ್ತಿರಲಿಲ್ಲವೇನೋ. ಆ ಕಟ್ಟಡ ಪಕ್ಕದಲ್ಲೆಲ್ಲೋ ಉಳಿಯುತ್ತಿತ್ತೇನೋ. ಈ 'ಏನೋ'ಗಳ ಮೇಲೆ ಯಾರೂ ವಿಮಾನ ಇಳಿಸಬಾರದೆಂದೇ ನಕ್ಷೆ ಇರುವುದು.

ಎಂಜಿನ್ ನಿಂತ ಮೇಲೆ ಯಜಮಾನರು ಇಳಿಯುತ್ತ, "ಏನಾಯ್ತು ಕ್ಯಾಪ್ಟನ್?" ಎಂದು ಕೇಳಿದರು. "ಮೋಡ" ಎಂದು ಕ್ಯಾಪ್ಟನ್ ನಕ್ಕು ತಮಿಳಿನಲ್ಲಿ ಹೇಳಿ ಮಕ್ಕಳ ತಲೆ ಸವರಿ ಕಳಿಸಿದರು. ಎಲ್ಲರೂ ಹೋದ ಮೇಲೆ ನನ್ನ ಕಡೆ ತಿರುಗಿದರು.

"ನಾ ಎಷ್ಟು ಹೇಳ್ದೆ?"

ಹೇಳಿದೆ. ನಕ್ಷೆಯನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದು ಇವತ್ತು ಬಂದದ್ದಾ?"

"ಇಲ್ಲ ಸರ್. ಜಾರಿಗೆ ಬಂದು ತಿಂಗಳುಗಳಾಯ್ತು. ಇವತ್ತೂ ಓದಿ ಹೇಳಿದೆ, ಆಮೇಲೆ ಎರಡು ಸಲ ಕೂಗಿದೆ."

"ಎರಡು ಸಲವಾ" ಎಂದರು. ಅವರ ಮುಖದಲ್ಲಿ ಆಗ ಕಂಡದ್ದು ಹೆದರಿಕೆ. ಅಷ್ಟು ದಿನದಲ್ಲಿ ಅದನ್ನು ನಾನು ಆ ಮುಖದಲ್ಲಿ ನೋಡಿರಲಿಲ್ಲ. ನನಗೆ ಅಳು ಬಂತು. ಅತ್ತುಕೊಂಡೇ ಹೇಳಿದೆ, ಇದನ್ನು ನಾನು ಮ್ಯಾನೇಜರಿಗೆ ಹೇಳಲೇಬೇಕು ಸರ್, ಇದೊಂದೇ ಅಲ್ಲ, ಮಧುರೈಯದೂ, ಎಲ್ಲವನ್ನೂ. ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. "ನೀ ಹೇಳ್ಬೇಡ. ನಾಳೆ ಬೆಳಗಾದ್ರೆ ನಾನೇ ವೋಗಿ ಹೇಳ್ತೀನಿ. ಅಷ್ಟು ಮರ್ಯಾದೆ ನನಗೆ ಉಳಿಸು" ಎಂದರು. ಒಪ್ಪಿಕೊಂಡೆ. ಮಾರನೆಯ ದಿನ ನಮಗೆ ಹಾರಾಟವಿರಲಿಲ್ಲ. ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ಸಂಜೆ ಅತ್ತೆ ಮಹಡಿ ಹತ್ತಿ ಬಂದರು. ಕೈಯಲ್ಲಿ ಕಜ್ಜಾಯದ ತಟ್ಟೆ. ಬೇಡಿಕೊಳ್ಳಲು ಬಂದಿದ್ದಾರೆ ಎಂದುಕೊಂಡೆ. ಎದೆ ಗಟ್ಟಿಮಾಡಿಕೊಂಡೆ. ಅವರು ತಟ್ಟೆ ಇಟ್ಟು ಮಂಚದ ತುದಿಗೆ ಕೂತರು. ಹೊರಗೆ ಮಳೆ ಜಡಿಯುತ್ತಿತ್ತು.

"ಅವ್ರು ಎಲ್ಲಾ ಹೇಳಿದ್ರು" ಎಂದರು. "ನನಗೆ ಒಂದು ವರ್ಷದಿಂದ ಗೊತ್ತು ಅಮ್ಮಣಿ. ಹೆಸರು ಸಿಕ್ತಿರ್ನಿಲ್ಲ ಅವ್ರಿಗೆ. ನಾ ಮುಂದೆ ನಿಂತು ಹೇಳ್ತಾ ಬಂದೆ. ಮನೇಲಿ ಸರಿ. ಮೇಲೆ ವೋದಾಗ ಏನು ಗತಿ ಅಂತ ದಿನಾ ಕವಲೆ, ದಿನಾ ಚಿಂತೆ. ಆಮೇಲೆ ನೀ ಬಂದೆ. ಸಾಯಂಕಾಲ ಇಲ್ಲಿ ಕೂತು ನನಗೆ ಓದಿ ಹೇಳ್ತಿದ್ದೆಯಲ್ಲ, ಅಲ್ಲೂ ಹೀಗೇ ಪಕ್ಕದಲ್ಲಿ ಕೂತು ಓದಿ ಹೇಳ್ತಾಳೆ, ಭಯ ಇಲ್ಲ ಅಂತ ನಂಬ್ದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಾವಿಬ್ರೂ ಸೇರಿ ಎಷ್ಟು ದಿನ ಓದೋದು, ಹೇಳು."

ಕಜ್ಜಾಯ ಮುರಿದು ಬಾಯಿಗಿಟ್ಟುಕೊಂಡೆ. ಅತ್ತೆ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಾಳೆ ಅವ್ರ ಹಿಂದೇನೇ ನೀನೂ ವೋಗು. ಒಬ್ರನ್ನೇ ಬಿಡಬೇಡ" ಎಂದರು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ಹೊರಟುಹೋಗಿದ್ದರು. ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು, ಟೌನ್ ಬಸ್ಸಿನಲ್ಲಿ ಎಂದರು ಅತ್ತೆ. ಹಿಂದಿನ ಬಸ್ಸಿನಲ್ಲಿ ನಾನು ಹೋದೆ. ಬಸ್ಸಿನಲ್ಲಿ ಕೂರಲಾಗದೆ, ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಇದ್ದೆ. ಆಫೀಸು ಮುಟ್ಟಿದಾಗ ಮ್ಯಾನೇಜರ್ ಕೋಣೆಯಿಂದ ನಗು ಕೇಳಿಸಿತು. ಒಳಗೆ ಹೋದೆ. ಕ್ಯಾಪ್ಟನ್ ಮುಂದೆ ಕಾಫಿ ಲೋಟ ಖಾಲಿಯಾಗಿತ್ತು. ಅವರು ಹಳೆಯ ಕಾಲದ ಯಾವುದೋ ವಿಮಾನದ ಕಥೆ ಹೇಳುತ್ತಿದ್ದರು, ಹೆಸರು, ಊರು, ಹವೆ, ಒಂದೂ ತಪ್ಪದಂತೆ. ಮ್ಯಾನೇಜರ್ ಕಣ್ಣೊರೆಸಿಕೊಳ್ಳುತ್ತ, "ಬಾಮ್ಮಾ, ಕ್ಯಾಪ್ಟನ್ ಬೆಳಬೆಳಿಗ್ಗೆ ಬಂದು ನಗಿಸ್ತಾ ಇದ್ದಾರೆ" ಎಂದು ತಮಿಳಿನಲ್ಲಿ ಹೇಳಿದರು.

ಕ್ಯಾಪ್ಟನ್ ನನ್ನನ್ನು ನೋಡಿ ನಗು ನಿಲ್ಲಿಸಿದರು. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ ಹೇಳಿದರು.

"ಅಮ್ಮಣಿ, ನಾನ್ ಇಲ್ಲಿ ಏನೋ ಮುಖ್ಯವಾದ್ದು ಹೇಳಾಕೆ ಬಂದೆ. ಬಸ್ಸಲ್ಲಿ ಇತ್ತು. ಬಾಗ್ಲಲ್ಲೂ ಇತ್ತು. ಈಗ ಸಿಗ್ತಿಲ್ಲ. ನಿನಗೆ ಗೊತ್ತಲ್ವಾ? ನೀನೇ ಹೇಳ್ಬಿಡು."

ನಾನು ಬಾಗಿಲು ಹಾಕಿದೆ. ನಿಂತುಕೊಂಡೇ ಹೇಳಿದೆ, ಮ್ಯಾನೇಜರಿಗೆ ಅರ್ಥವಾಗಲೆಂದು ನನ್ನ ಹರಕುಮುರುಕು ತಮಿಳಿನಲ್ಲಿ. ಮಧುರೈಯ ರೇಡಿಯೋ ನಂಬರು ಹೇಳಿದೆ. ನಾನು ಮುಂಚೆಯೇ ಓದಿಬಿಡುತ್ತಿದ್ದುದನ್ನು ಹೇಳಿದೆ. ಹಳೆಯ ಅಂಕಿ, ಹೊಸ ಅಂಕಿ, ಮೋಡ, ನಾನು ಎರಡು ಸಲ ಕೂಗಿದ್ದು, ವಿಮಾನ ಇಳಿಯುತ್ತಲೇ ಇದ್ದದ್ದು. ಮ್ಯಾನೇಜರ್ ಮುಖ ಬಿಳಿಚಿತು. ಅವರು ನನ್ನನ್ನು ನೋಡಲಿಲ್ಲ, ಕ್ಯಾಪ್ಟನ್ನರನ್ನೂ ನೋಡಲಿಲ್ಲ. ಕ್ಯಾಪ್ಟನ್ ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯದೆ, ತುಸು ಮುಂದಕ್ಕೆ ಬಾಗಿ, ಒಂದು ಮಾತೂ ತಪ್ಪಿಹೋಗಬಾರದು ಎನ್ನುವಂತೆ ಕೇಳಿಸಿಕೊಂಡರು.

"ಇದೆಲ್ಲಾ ನನ್ನ ವಿಷಯ ತಾನೆ?" ಎಂದು ಅವರು ನನ್ನನ್ನು ಕೇಳಿದರು.

"ಹೌದು ಸರ್."

ಅವರು ಮ್ಯಾನೇಜರ್ ಕಡೆ ತಿರುಗಿ ಕೂತರು. "ಈ ಹುಡುಗಿ ಸುಳ್ಳು ಹೇಳೋದಿಲ್ಲ" ಎಂದರು ತಮಿಳಿನಲ್ಲಿ. "ಬರಕೊಳ್ಳಿ. ನಾ ಮರೆಯೋಕೆ ಮುಂಚೆ ಸೈನ್ ಹಾಕ್ತೀನಿ."